ಮುರುಗೇಶಪ್ಪನವರು ಕೊಟ್ಟ ಸಿ

ಮುರುಗೇಶಪ್ಪನವರ ಜೊತೆ ಹೋಟೆಲಿಗೆ ಹೋಗಬಾರದು. ಹೋದಿರೋ, ನೆಮ್ಮದಿಯಾಗಿ ತಿಂದ ಹಾಗೇ! ಹೊಳಲ್ಕೆರೆ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಉಪ್ಪಿಟ್ಟು ಬಂದರೆ ನಾವು ಹಸಿದವರು, ಸುಮ್ಮನೆ ಬಾಯಿಗೆ ಹಾಕುತ್ತೇವೆ. ಅವರು ಹಾಗಲ್ಲ. ಒಂದು ಚಮಚ ತೆಗೆದು, ಕಣ್ಣು ಮುಚ್ಚಿ, ನಾಲಿಗೆಯ ಮೇಲೆ ಆಡಿಸಿ, "ರವೆ ಹುರಿದಿರೋದು ಎ. ಉಪ್ಪು ಬಿ. ಮೆಣಸಿನಕಾಯಿ ಇಡಿಯಾಗಿ ಬಿಟ್ಟವ್ರಲ್ಲ, ಅದಕ್ಕೆ ಸಿ" ಅನ್ನುತ್ತಾರೆ. ಗಲ್ಲಾದ ಮೇಲೆ ಕೂತ ಯಜಮಾನ ಕಣ್ಣು ಕೆಕ್ಕರಿಸುತ್ತಾನೆ. ನನಗೆ ತಲೆ ಎತ್ತಲು ನಾಚಿಕೆ. "ಸಾರ್, ತಿನ್ನೋದು ತಿನ್ರಿ, ಇದೇನು ಪರೀಕ್ಷೆ ಹಾಲಾ?" ಅಂತ ಗದರಿದರೆ, "ಹೇಳದೆ ಹೋದ್ರೆ ಆತನಿಗೆ ಗೊತ್ತಾಗೋದು ಹೆಂಗೆ ಮೇಡಂ?" ಅಂತ ನನ್ನನ್ನೇ ಕೇಳುತ್ತಾರೆ.

ಅವರ ಉದ್ಯೋಗವೂ ಅದೇ. ನಮ್ಮ ಶಿಕ್ಷಣ ಇಲಾಖೆಯಲ್ಲಿ ಸಿ.ಆರ್.ಪಿ. ಅಂತ ಒಂದು ಹುದ್ದೆ ಇದೆ. ಸುತ್ತಲಿನ ಒಂದಷ್ಟು ಹಳ್ಳಿಗಳ ಸರ್ಕಾರಿ ಶಾಲೆಗಳಿಗೆ ಹೋಗಿ, ಮಕ್ಕಳಿಗೆ ಓದು, ಬರಹ, ಲೆಕ್ಕ ಎಷ್ಟರ ಮಟ್ಟಿಗೆ ಬಂದಿದೆ ಅಂತ ಪರೀಕ್ಷಿಸಿ, ಶಾಲೆಗೊಂದು ದರ್ಜೆ ಹಾಕಿ ತಾಲ್ಲೂಕು ಕಚೇರಿಗೆ ತಿಳಿಸುವುದು ಅವರ ಕೆಲಸ. ಮೇಲಿನವರು ಇಲಾಖೆಯ ಸಾಧನೆ ಅಂತ ಏನನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತಾರೋ ಅದರ ಬುಡದಲ್ಲಿ ಇಂಥ ಒಬ್ಬರು ಧೂಳು ಕುಡಿಯುತ್ತಾ ಬೈಕಿನಲ್ಲಿ ತಿರುಗುತ್ತಿರುತ್ತಾರೆ. ತಾಳ್ಯದ ಸುತ್ತಿನ ಶಾಲೆಗಳಿಗೆ ಆ ಒಬ್ಬರು ನಮ್ಮ ಮುರುಗೇಶಪ್ಪನವರು. ಹಿರಿಯೂರು ಕಡೆ ಮೇಷ್ಟ್ರಾಗಿದ್ದವರು, ಆಮೇಲೆ ಹೊಸದುರ್ಗ, ಈಗ ಇಲ್ಲಿ.

ಹುಟ್ಟಿದ್ದು ಭೀಮಸಮುದ್ರದಲ್ಲಿ, ಅಡಿಕೆ ತೋಟ, ಅಡಿಕೆ ವ್ಯಾಪಾರ ಎರಡೂ ಇದ್ದ ಮನೆಯಲ್ಲಿ. ಅವರಪ್ಪ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಅಡಿಕೆ ತೆಗೆದು ಅಂಗೈ ಮೇಲೆ ಹರಡಿಕೊಂಡರೆ ಸಾಕಂತೆ, ಇಡೀ ಚೀಲದ ಯೋಗ್ಯತೆ ಹೇಳಿಬಿಡುತ್ತಿದ್ದರಂತೆ. ಮಗನಿಗೆ ವ್ಯಾಪಾರ ಹತ್ತಲಿಲ್ಲ, ಆ ಕಣ್ಣು ಮಾತ್ರ ಹತ್ತಿತು. ಹೆಣ್ಣು ನೋಡಲು ಹೋದ ಮನೆಯಲ್ಲಿ ಕೊಟ್ಟ ಅವಲಕ್ಕಿಗೆ ಎಲ್ಲರ ಎದುರು ಬಿ ಕೊಟ್ಟರಂತೆ. ಒಳಗಿನಿಂದ ಹುಡುಗಿಯೇ, "ಹೊಸ್ತಿಲು ದಾಟುವಾಗ ಎಡವಿದ್ರಲ್ಲ, ನಡಿಗೆಗೆ ಸಿ" ಅಂದಳಂತೆ. ಆ ಹುಡುಗಿಯೇ ಮರುಳಸಿದ್ದಮ್ಮ. ಇವತ್ತಿಗೂ ಆ ಮನೆಯಲ್ಲಿ ಯಾರು ಯಾರಿಗೆ ದರ್ಜೆ ಕೊಡುತ್ತಾರೆ ಅನ್ನುವುದನ್ನು ನಾನು ಹೇಳಬೇಕಾಗಿಲ್ಲ.

ಇಷ್ಟು ತಮಾಷೆಯ ಮನುಷ್ಯ ಅಂತ ಸಲುಗೆ ತೆಗೆದುಕೊಂಡರೆ ಕೆಟ್ಟಿರಿ. ಕೊಟ್ಟ ದರ್ಜೆಯನ್ನು ಅಪ್ಪನ ಮಾತಿಗೂ ತಿದ್ದುವವರಲ್ಲ. ಬಿ.ದುರ್ಗದ ಕಡೆಯ ಒಬ್ಬ ಹೆಡ್ ಮಾಸ್ಟರು ತಪಾಸಣೆಯ ದಿನ ಮನೆಯಿಂದ ಹೋಳಿಗೆ ಮಾಡಿಸಿಕೊಂಡು ಬಂದಿದ್ದರು. ಇವರು ಚಪ್ಪರಿಸಿ ತಿಂದು, ಕೈ ತೊಳೆದು, "ಹೋಳಿಗೆಗೆ ಎ, ಓದಿಗೆ ಸಿ" ಅಂತ ಹೇಳಿ ಬೈಕ್ ಹತ್ತಿದರು. ಆ ಹೆಡ್ ಮಾಸ್ಟರು ಇವತ್ತಿಗೂ ಇವರನ್ನು ಮಾತಾಡಿಸುವುದಿಲ್ಲ.

ಇನ್ನು ನನ್ನ ವಿಷಯ. ನಾನು ರೇಣುಕಾ, ತಾಳ್ಯದಿಂದ ಒಳಗೆ ಹೋದರೆ ಸಿಗುವ ಕಂಬಳಿಹಟ್ಟಿಯ ಕಿರಿಯ ಪ್ರಾಥಮಿಕ ಶಾಲೆಯ ಮೇಡಂ. ಮುಖ್ಯ ಶಿಕ್ಷಕಿಯೂ ನಾನೇ, ಇರುವ ಒಬ್ಬ ಶಿಕ್ಷಕಿಯೂ ನಾನೇ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಮ್ಮ ಮನೆಯವರ ದೂರು. ಇರಬಹುದು. ಒಂದರಿಂದ ಐದನೇ ತರಗತಿವರೆಗೆ ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಪಾಠ ಮಾಡಿ ನೋಡಿ, ನಿಮ್ಮದೂ ಅಲ್ಲಿಗೇ ಬರುತ್ತದೆ.

ಕಂಬಳಿಹಟ್ಟಿ ಕುರಿ ಸಾಕುವವರ ಊರು. ಅಲ್ಪಸ್ವಲ್ಪ ಹೊಲವೂ ಇದೆ. ಐದನೇ ತರಗತಿ ಮುಗಿದ ಗಂಡುಮಕ್ಕಳು ಸೈಕಲ್ ತುಳಿದುಕೊಂಡು ತಾಳ್ಯದ ಶಾಲೆಗೆ ಹೋಗುತ್ತಾರೆ. ಹೆಣ್ಣುಮಕ್ಕಳು ಹೋಗುವುದಿಲ್ಲ. ಬಸ್ಸಿಲ್ಲ, ದಾರಿಯಲ್ಲಿ ಒಂದು ಮನೆ ಇಲ್ಲ, ಹಳ್ಳ ಬಂದರೆ ದಾಟಲು ಆಗುವುದಿಲ್ಲ. ಐದು ಮುಗಿಯಿತು ಅಂದರೆ ಹುಡುಗಿಯ ಕೈಗೆ ಕೋಲು ಬಂತು, ಮಂದೆಯ ಹಿಂದೆ ಹೊರಟಳು ಅಂತಲೇ ಅರ್ಥ. ಜಾಣೆಯರನ್ನು ಹೀಗೆ ಕಳಿಸಿ ಕಳಿಸಿ ನನ್ನ ಹೊಟ್ಟೆ ಉರಿದುಹೋಗಿತ್ತು.

ಆ ವರ್ಷ ಐದನೇ ತರಗತಿಯಲ್ಲಿದ್ದವಳು ರಂಜಿತಾ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಚಿತ್ತಮ್ಮನ ಮಗಳು. ಪುಸ್ತಕ ಕೊಟ್ಟರೆ ನಾನು ಪಾಠ ಮಾಡುವ ಮೊದಲೇ ಓದಿ ಮುಗಿಸಿ, "ಮಿಸ್, ಇದರಾಗೆ ಕೊನೀಗೆ ಆ ಮೊಲ ಏನಾತು ಅಂತ ಬರ್ದೇ ಇಲ್ಲ" ಅಂತ ಜಗಳಕ್ಕೆ ಬರುವಂಥವಳು. ಅವಳ ಅಜ್ಜ ಎತ್ತಪ್ಪ, "ಮುಂದಿನ ವರ್ಷದಿಂದ ಮರಿಗಳ ಜವಾಬ್ದಾರಿ ಈಕೀದೇ" ಅಂತ ಆಗಲೇ ಹೇಳಿಯಾಗಿತ್ತು. ಚಿತ್ತಮ್ಮ ಮಾವನ ಎದುರು ಮಾತಾಡುವವಳಲ್ಲ. ನನ್ನ ಎದುರು ಮಾತ್ರ ಸೌಟು ಕುಕ್ಕಿ, "ಮೇಡಮ್ಮಾರೇ, ಆರನೇ ಕ್ಲಾಸು ಇಲ್ಲಿಗೇ ಬಂದ್ರೆ ನಮ್ಮಾವ ಬ್ಯಾಡ ಅನ್ನಲ್ಲ. ತರುಸ್ರಿ. ನೀವು ಗೌರ್ಮೆಂಟೋರಲ್ವೇ?" ಅನ್ನುತ್ತಿದ್ದಳು. ಗೌರ್ಮೆಂಟು ಅಂದರೆ ನನ್ನ ಸ್ಕೂಟಿಯ ಡಿಕ್ಕಿಯಲ್ಲಿ ಇರುತ್ತದೆ ಅಂತ ಅವಳ ಲೆಕ್ಕ.

ನಾನೂ ಬಿಡಲಿಲ್ಲ. ಅರ್ಜಿ ಹಾಕಿದೆ, ಅಲೆದೆ, ಕಚೇರಿಯಲ್ಲಿ ಕೂತವರ ತಲೆ ತಿಂದೆ. ಕೊನೆಗೆ ತಾಲ್ಲೂಕಿನ ಶಿಕ್ಷಣಾಧಿಕಾರಿ, ಬಿ.ಇ.ಒ. ಸಾಹೇಬರು ಒಪ್ಪಿದರು. ಆದರೆ ಒಂದು ಷರತ್ತು: ಆ ವರ್ಷದ ಕಲಿಕೆಯ ಪರೀಕ್ಷೆಯಲ್ಲಿ ಶಾಲೆ ಬಿ ದರ್ಜೆಗಿಂತ ಕೆಳಗೆ ಬರಬಾರದು. "ಇರೋ ಐದು ಕ್ಲಾಸೇ ಸರಿಯಾಗಿ ನಡೀತಿಲ್ಲ ಅಂದ್ರೆ ಆರನೇದು ಯಾಕೆ?" ಅಂದರು. ನಾನು ಒಳಗೊಳಗೇ ನಕ್ಕೆ. ನಮ್ಮ ಮಕ್ಕಳು ಎ ಬರುವವರು, ಬಿ ಯಾವ ಲೆಕ್ಕ! ಸಿಹಿ ಹಂಚಲು ಚಿತ್ತಮ್ಮನಿಗೆ ಆಗಲೇ ಬೆಲ್ಲ ತೆಗೆದಿಡಲು ಹೇಳಿದ್ದೆ.

ಪರೀಕ್ಷೆಯ ದಿನ ಮುರುಗೇಶಪ್ಪನವರು ಮದುವೆಗೆ ಬಂದವರ ಹಾಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಬಗಲಲ್ಲಿ ದೊಡ್ಡ ರಟ್ಟಿನ ಹಾಳೆಗಳು. "ಮೇಡಂ, ಇಲಾಖೆಯೋರು ಲೆಕ್ಕಕ್ಕೆ ರೈಲಿನ ಚಿತ್ರ ಕಳ್ಸವ್ರೆ. ಪಾಪ, ಹಟ್ಟಿ ಮಕ್ಕಳು ರೈಲು ಎಲ್ಲಿ ನೋಡ್ಬೇಕು? ಊರಿಗೆ ತಕ್ಕ ಚಿತ್ರ ಮಾಡ್ಕಬಹುದು ಅಂತ ರೂಲಲ್ಲೇ ಐತೆ. ನಾನೇ ಕೂತು ಬಿಡಿಸಿದೀನಿ. ನಿಮ್ಮ ಮಕ್ಕಳು ನೋಡಿದ್ರೆ ಕುಣೀತಾರೆ" ಅಂದರು. "ಏನು ಚಿತ್ರ ಸಾರ್?" ಅಂದೆ. "ಅದನ್ನ ನಿಮಗೆ ತೋರ್ಸಂಗಿಲ್ಲ. ನೀವು ಹೊರಗೆ ಹೋಗ್ರಿ" ಅಂತ ಬಾಗಿಲು ಹಾಕಿಕೊಂಡರು. ಶಾಲೆಯ ಶಿಕ್ಷಕರು ಒಳಗೆ ಇರಬಾರದು ಅನ್ನುವುದೂ ರೂಲೇ.

ನಾನು ಅಡುಗೆ ಕೋಣೆಯಲ್ಲಿ ಚಿತ್ತಮ್ಮನ ಜೊತೆ ಕೂತೆ. ಮೊದಲು ಒಳಗಿನಿಂದ ಮಕ್ಕಳು ಓದುವ ದನಿ ಕೇಳುತ್ತಿತ್ತು, ರಂಜಿತಾ ಗಂಟಲು ಹರಿದುಕೊಂಡು ಓದಿದಳು. ಆಮೇಲೆ ಸದ್ದೇ ಇಲ್ಲ. ಎಷ್ಟು ಹೊತ್ತಾದರೂ ಸದ್ದಿಲ್ಲ. ನಡುವೆ ಒಮ್ಮೆ ಯಾರೋ ಮಗು, "ಬಿಡ್ತು ಅನ್ರಿ ಸಾ, ಬಿಡ್ತು ಅನ್ರಿ!" ಅಂತ ಕೂಗಿದ್ದು ಕೇಳಿಸಿತು. ಏನೋ ತಮಾಷೆ ಇರಬೇಕು ಅಂದುಕೊಂಡೆವು.

ಬಾಗಿಲು ತೆಗೆದು ಬಂದವರ ಮುಖ ಬಾಡಿಹೋಗಿತ್ತು. ಚಿತ್ತಮ್ಮ ತಟ್ಟೆ ಇಟ್ಟು, "ಕುಂತ್ಕಳ್ರಿ ಸಾ" ಅಂದಳು. ಕೂತು ಉಂಡರು. ಅನ್ನದ ಬಗ್ಗೆ ಒಂದು ಮಾತಿಲ್ಲ, ಸಾರಿನ ಬಗ್ಗೆ ಒಂದು ಮಾತಿಲ್ಲ. ಏನೋ ಕೆಟ್ಟಿದೆ ಅಂತ ನನಗೆ ಆಗಲೇ ಗೊತ್ತಾಯಿತು.

"ಯಾಕ್ಸಾ, ಸಾರಿಗೆ ಏನೂ ಹೇಳ್ಲೇ ಇಲ್ಲ?" ಅಂತ ಚಿತ್ತಮ್ಮನೇ ಕೇಳಿದಳು.

"ಸಾರಿಗೆ ಎ ಕಣಮ್ಮ" ಅಂದರು, ತಲೆ ಎತ್ತದೆ. ಆಮೇಲೆ ನನ್ನ ಕಡೆ ತಿರುಗಿ, "ಮೇಡಂ, ಓದು ಎ, ಬರಹ ಎ. ಲೆಕ್ಕ... ಏನ್ರಿ ಇದು? ಒಂದು ಮಗೂಗೂ ಎಣಿಸೋಕೆ ಬರಲ್ಲ. ಎಣಿಸೋಕೇ ಬರಲ್ಲ! ಲೆಕ್ಕದಾಗೆ ಹಿಂಗಾದ್ರೆ ಶಾಲೆಗೆ ಸಿ" ಅಂದರು.

ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಮಕ್ಕಳಿಗೆ ಎಣಿಸೋಕೆ ಬರಲ್ವೇ? ಮಗ್ಗಿ ಹೇಳೋ ಮಕ್ಕಳು ಸಾರ್ ಅವು! ನೀವೇನು ಕೇಳಿದ್ರಿ, ಅವೇನು ಹೇಳಿದ್ವು?" ಅಂದರೆ, ಅವರು ರಟ್ಟಿನ ಹಾಳೆಗಳನ್ನು ಕಟ್ಟಿಕೊಂಡು ಬೈಕ್ ಹತ್ತಿ ಹೋಗಿಯೇಬಿಟ್ಟರು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ.

ರಂಜಿತಾಳನ್ನು ಕರೆದೆ. ಕಣ್ಣು ತುಂಬಿಕೊಂಡೇ ಬಂದಳು.

"ಮಿಸ್, ಆ ಸಾರು ಕುರಿ ಚಿತ್ರ ಬರ್ಕಂಡು ಬಂದಿದ್ರು. ಭಾಳ ಚಂದ ಬರ್ದಿದ್ರು ಮಿಸ್, ನಾಯೀನೂ ಇತ್ತು. ಆದ್ರೆ ಎಷ್ಟವೆ ಎಣ್ಸು ಅಂದ್ರು. ಎಲ್ಲರನ್ನೂ ಕೇಳಿದ್ರು. ನಾವು ಭಾಳ ಅವೆ ಸಾ ಅಂದ್ವಿ. ಎಷ್ಟು ಎಷ್ಟು ಅಂತ ಬಿಡ್ಲೇ ಇಲ್ಲ. ಆಮೇಲೆ ಮೂರು ಕುರೀನ ತೋಳ ಹೊತ್ಕಂಡು ಹೋದ್ರೆ ಉಳಿಯೋದೆಷ್ಟು ಅಂತ ಕೇಳಿದ್ರು ಮಿಸ್! ಸಣ್ಣ ಹುಡುಗ್ರು ಮುಸುಮುಸು ಅತ್ತೇಬಿಟ್ವು."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು ಮುರುಗೇಶಪ್ಪನವರು. ಕಂಬಳಿಹಟ್ಟಿಯಲ್ಲಿ ಕುರಿಯನ್ನು ಯಾರೂ ಎಣಿಸುವುದಿಲ್ಲ. ಎಣಿಸಿದರೆ ಮಂದೆ ಕರಗುತ್ತದೆ ಅಂತ ಅವರ ನಂಬಿಕೆ. ಸಂಜೆ ಒಳಗೆ ಬಿಡುವಾಗ ಮುಖ ನೋಡಿಯೇ ಯಾವುದು ಬಂತು, ಯಾವುದು ಬರಲಿಲ್ಲ ಅಂತ ತಿಳಿದುಕೊಳ್ಳುತ್ತಾರೆ. ಲಸಿಕೆ ಹಾಕಲು ಬಂದ ಡಾಕ್ಟರಿಗೂ ಸಂಖ್ಯೆ ಹೇಳುವುದಿಲ್ಲ. ನಾನು ಹೊಸದಾಗಿ ಬಂದಾಗಲೇ ಇದನ್ನು ಅರಿತುಕೊಂಡು ಹುಣಸೆ ಬೀಜ, ಹೊಂಗೆ ಎಲೆ ಇಟ್ಟುಕೊಂಡು ಲೆಕ್ಕ ಕಲಿಸಿದ್ದೆ.

"ಚಿತ್ರದ ಕುರಿ ಅಲ್ವೇನೇ ರಂಜಿತಾ? ನಿಜವಾದ್ದಲ್ಲವಲ್ಲ?" ಅಂದೆ, ತಡೆಯಲಾರದೆ.

"ಚಿತ್ರದ್ದಾದ್ರೂ ಕುರೀನೇ ಅಲ್ವಾ ಮಿಸ್? ಅದರಾಗೆ ಒಂದು ನಮ್ಮ ಕೆಂದಿ ಇದ್ದಂಗೇ ಇತ್ತು" ಅಂದಳು.

ಚಿತ್ತಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಲೇ ಅತ್ತಳು. ಮಗಳು ತಪ್ಪು ಮಾಡಿದಳು ಅಂತ ಬೈಯುವ ಹಾಗಿಲ್ಲ, ಸರಿ ಮಾಡಿದಳು ಅಂತ ಸುಮ್ಮನಿದ್ದರೆ ಆರನೇ ತರಗತಿ ಹೋಯಿತು. "ದೇವ್ರು ವರ ಕೊಟ್ರೂ ಪೂಜಾರಿ ಕೊಡ್ಲಿಲ್ಲ ಅಂದಂಗಾತಲ್ಲ ಮೇಡಮ್ಮಾರೇ" ಅಂದಳು. ಅಷ್ಟು ಗಟ್ಟಿ ಹೆಂಗಸು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ನನ್ನಿಂದ ನೋಡಲಾಗಲಿಲ್ಲ.

ಶಾಲೆ ಬಿಟ್ಟ ಕೂಡಲೇ ಸ್ಕೂಟಿ ಹತ್ತಿದೆ. ಮುರುಗೇಶಪ್ಪನವರು ತಾಳ್ಯದ ಚಹಾದ ಅಂಗಡಿಯಲ್ಲಿ ಸಿಕ್ಕರು. ಎದುರಿಗಿದ್ದ ಚಹಾ ಕೆನೆಗಟ್ಟಿತ್ತು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಅಂಗಡಿಯಲ್ಲಿದ್ದವರೆಲ್ಲ ಕೇಳುವ ಹಾಗೇ ಹೇಳಿದೆ.

ಅವರು ನಂಬಲಿಲ್ಲ. "ಕಾಗದದ ಮೇಲಿನ ಕುರಿ ಎಣಿಸೋಕೂ ಹೆದರ್ತಾರಾ ಮೇಡಂ? ದರ್ಜೆ ಕಮ್ಮಿ ಆದಾಗ ಎಲ್ಲಾ ಶಾಲೆಯೋರೂ ಒಂದೊಂದು ನೆಪ ಹೇಳ್ತಾರೆ" ಅಂದರು.

ನೆಪ! "ಏಳ್ರಿ ಮೇಲೆ. ನಡೀರಿ ಹಟ್ಟಿಗೆ. ನೀವೇ ಕೇಳ್ರಿ, ನಾನು ಬಾಯಿ ಬಿಡಲ್ಲ" ಅಂದೆ. ಚಹಾ ಅಲ್ಲೇ ಬಿಟ್ಟು ಬಂದರು. ನನ್ನ ಮುಖ ನೋಡಿದರೆ ಬಾರದೆ ಇರಲು ಯಾರಿಗೂ ಧೈರ್ಯ ಆಗುತ್ತಿರಲಿಲ್ಲ ಅಂತ ಆಮೇಲೆ ಅಂಗಡಿಯವನೇ ಹೇಳಿದ.

ನಾವು ಹೋದಾಗ ಬಿಸಿಲು ಇಳಿದಿತ್ತು, ಮಂದೆ ಆಗಷ್ಟೇ ವಾಪಸ್ಸು ಬಂದಿತ್ತು. ಎತ್ತಪ್ಪ ಮುಳ್ಳುಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತು ಒಂದು ಮರಿಯ ಕಾಲಿನಿಂದ ಮುಳ್ಳು ತೆಗೆಯುತ್ತಿದ್ದ. "ಬರ್ರಿ ಸ್ವಾಮಿ" ಅಂತ ಕಂಬಳಿ ಹಾಸಿದ.

ಮುರುಗೇಶಪ್ಪನವರು ಕೂತು, ಊರಿನ ಮಳೆ, ಮೇವು ಎಲ್ಲ ವಿಚಾರಿಸಿ, ಮೆಲ್ಲಗೆ ಮಾತಿಗಿಳಿದರು. "ಅಜ್ಜ, ಕುರಿ ಎಷ್ಟವೆ?"

"ಅವೆ ಸ್ವಾಮಿ" ಅಂದ ಎತ್ತಪ್ಪ.

"ಅಲ್ಲ, ಎಷ್ಟು ಅಂತ?"

"ಅವೇ ಕಣ್ ಸ್ವಾಮಿ. ದೇವ್ರು ಕೊಟ್ಟಷ್ಟು."

ಮುರುಗೇಶಪ್ಪನವರು ನನ್ನ ಮುಖ ನೋಡಿದರು. ನಾನು ಬಾಯಿ ಬಿಡಲಿಲ್ಲ. ಎತ್ತಪ್ಪ ಮುಳ್ಳು ಕಿತ್ತು ಬಿಸಾಕಿ, ಮರಿಯನ್ನು ತಾಯಿಯ ಕಡೆ ಅಟ್ಟಿ, ಬಂದವರನ್ನು ಮಾತಾಡಿಸಬೇಕಲ್ಲ ಅನ್ನುವ ಮರ್ಯಾದೆಗೆ ಕೇಳಿದ. "ತಾವು ಭೀಮಸಮುದ್ರದೋರಂತೆ. ಈ ಸತಿ ಅಡಿಕೆ ಎಷ್ಟು ಚೀಲ ಆತು?"

"ಏನೋ ಪರವಾಗಿಲ್ಲಜ್ಜ, ಆಗೈತೆ" ಅಂದರು ಮುರುಗೇಶಪ್ಪನವರು.

ಅಂದವರು ಹಾಗೇ ಬಾಯಿ ತೆರೆದು ಕೂತರು. ನನಗೂ ಆಗಲೇ ಹೊಳೆದದ್ದು. ಅಡಿಕೆಯವರು ಯಾರಾದರೂ ಎಷ್ಟು ಬೆಳೆಯಿತು ಅಂತ ಹೇಳಿದ್ದನ್ನು ಕೇಳಿದ್ದೀರಾ? ಕೇಳಿದರೆ "ಪರವಾಗಿಲ್ಲ", "ಹೋದ್ಸತಿಯಷ್ಟಿಲ್ಲ", "ಆಗೈತೆ ಬಿಡ್ರಿ". ಕಣ್ಣು ತಾಗೀತು ಅನ್ನುವ ಭಯ. ತೂಕದ ಮನೆಯಲ್ಲಿ ಹುಟ್ಟಿ, ಊರಿನ ಉಪ್ಪಿಟ್ಟಿಗೆಲ್ಲ ಬೆಲೆ ಕಟ್ಟುವ ಮನುಷ್ಯ ತನ್ನ ಮನೆಯ ಅಡಿಕೆಯ ವಿಷಯ ಬಂದಾಗ ಯೋಚನೆಯನ್ನೂ ಮಾಡದೆ ಎತ್ತಪ್ಪನ ಉತ್ತರವನ್ನೇ ಕೊಟ್ಟಿದ್ದರು.

"ಅಯ್ಯೋ ಶಿವನೇ" ಅಂದರು. "ಮೇಡಂ, ಆ ಮಕ್ಕಳಿಗೆ ನಾನು ತೋಳ ಬಂತು ಅಂದ್ಬಿಟ್ನಲ್ರಿ. ಅತ್ವು ಅವು. ನಾನು ದಡ್ಡರು ಅಂತ ಬರ್ಕಂಡೆ."

ನನ್ನ ಕೋಪ ಅರ್ಧ ಇಳಿಯಿತು. "ಗೊತ್ತಾಯ್ತಲ್ಲ ಸಾರ್. ಈಗ ಆ ಸಿ ಹೊಡೆದುಹಾಕಿ ಎ ಬರೀರಿ. ಯಾರಿಗೆ ತಿಳೀತದೆ?" ಅಂದೆ.

"ಅದಾಗಲ್ಲ" ಅಂದರು.

ಇಳಿದ ಕೋಪ ಎಲ್ಲವೂ ವಾಪಸ್ಸು ಬಂತು. "ಯಾಕಾಗಲ್ಲ?"

"ನಾನು ಅವರ ಲೆಕ್ಕ ಇನ್ನೂ ನೋಡೇ ಇಲ್ಲ ಮೇಡಂ. ನೋಡದೆ ಸಿ ಬರೆದದ್ದು ತಪ್ಪು ಅಂದ ಮೇಲೆ ನೋಡದೆ ಎ ಬರೆಯೋದು ಹೆಂಗೆ ಸರಿ ಆತದೆ? ಮರುಪರೀಕ್ಷೆ ಆಗ್ಬೇಕು. ಅದಕ್ಕೆ ನನ್ನ ಪ್ರಶ್ನೆನೇ ತಪ್ಪಿತ್ತು ಅಂತ ಸಾಹೇಬ್ರ ಮುಂದೆ ಒಪ್ಕಬೇಕು." ಇಷ್ಟು ಹೇಳಿ ಕೂತ ಕಂಬಳಿಯ ಎಳೆ ಕೀಳತೊಡಗಿದರು. ಆ ಒಪ್ಪಿಗೆ ಯಾಕೆ ಕಷ್ಟ ಅಂತ ನನಗೆ ಗೊತ್ತಿತ್ತು. ಆ ವರ್ಷ ಜಿಲ್ಲೆಯ ಉತ್ತಮ ಸಿ.ಆರ್.ಪಿ. ಪ್ರಶಸ್ತಿಗೆ ನಮ್ಮ ತಾಲ್ಲೂಕಿನಿಂದ ಅವರ ಹೆಸರೇ ಹೋಗುವುದಿತ್ತು. ಚಿತ್ರದುರ್ಗದಲ್ಲಿ ಸಮಾರಂಭ, ಹಾರ, ಶಾಲು. ಮರುಳಸಿದ್ದಮ್ಮ ಬಂಧು ಬಳಗಕ್ಕೆಲ್ಲ ಫೋನ್ ಮಾಡಿ ಆಗಿತ್ತು.

ಸೋಮವಾರ ಹೊಳಲ್ಕೆರೆಯಲ್ಲಿ ಸಭೆ. ತಾಲ್ಲೂಕಿನ ಸಿ.ಆರ್.ಪಿ.ಗಳು, ಮುಖ್ಯ ಶಿಕ್ಷಕರು ಎಲ್ಲ ಕೂತಿದ್ದೆವು. ಹೋಳಿಗೆ ಹೆಡ್ ಮಾಸ್ಟರೂ ಇದ್ದರು. ಮುರುಗೇಶಪ್ಪನವರು ಎದ್ದು ನಿಂತರು, ಕೂತರು, ಮತ್ತೆ ಎದ್ದರು. ಹೇಳಲಾರರು ಅಂತಲೇ ನಾನು ಅಂದುಕೊಂಡೆ. ಆಮೇಲೆ ಒಂದೇ ಉಸಿರಿಗೆ ಹೇಳಿದರು. "ಸಾ, ಕಂಬಳಿಹಟ್ಟಿಗೆ ನಾನು ಸಿ ಕೊಟ್ಟಿದ್ದು ತಪ್ಪು. ಮಕ್ಕಳದ್ದಲ್ಲ, ನನ್ನ ತಪ್ಪು. ಕುರಿ ಎಣಿಸಬಾರದು ಅನ್ನೋ ಊರಾಗೆ ಕುರಿ ಎಣಿಸ್ರಿ ಅಂತ ಕೇಳಿದೆ."

ಕೂಡಲೇ ಹಿಂದಿನ ಸಾಲಿನಿಂದ ಯಾರೋ "ಬ್ಯಾ" ಅಂತ ಕುರಿಯ ಹಾಗೆ ಅರಚಿದರು. ಸಭೆಗೆ ಸಭೆಯೇ ನಕ್ಕಿತು. ನಾನು ತಿರುಗಿ ಕಣ್ಣು ಬಿಟ್ಟ ಮೇಲೆ ಹಿಂದಿನ ಸಾಲು ಸುಮ್ಮನಾಯಿತು. ಸಾಹೇಬರೂ ನಗು ತಡೆದುಕೊಂಡು, "ಅಲ್ರೀ ಮುರುಗೇಶಪ್ಪ, ನಿಮ್ಮಂಥೋರೇ ಹಿಂಗೆ ಮಾಡಿದ್ರೆ ಹೆಂಗೆ? ಪ್ರಶಸ್ತಿಗೆ ಹೆಸರು ಬೇರೆ ಕಳಿಸ್ಬೇಕು. ಇದು ಕಡತಕ್ಕೆ ಹೋದ್ರೆ ಕಷ್ಟ ಆಗ್ತದಲ್ಲ" ಅಂದರು.

"ಹೆಸರು ಬ್ಯಾಡ ಬಿಡ್ರಿ ಸಾ. ಮರುಪರೀಕ್ಷೆ ಕೊಡ್ರಿ" ಅಂದರು ಮುರುಗೇಶಪ್ಪನವರು. ಕಿವಿ ಕೆಂಪಾಗಿದ್ದವು. ಅಷ್ಟಕ್ಕೇ ಕೂತಿದ್ದರೆ ನಾನು ಅವರ ಕಾಲಿಗೆ ಬೀಳುತ್ತಿದ್ದೆ. ಕೂರಲಿಲ್ಲ ಪುಣ್ಯಾತ್ಮ! "ಇನ್ನೊಂದು ಮಾತು ಸಾ. ಈ ಸತಿ ನಾನು ನೋಡಬಾರದು. ನನಗೀಗ ಆ ಮಕ್ಕಳ ಮೇಲೆ ಮನಸ್ಸು ಬಿದ್ದೈತೆ, ಕೈ ಜಾರಿ ಜಾಸ್ತಿ ಕೊಟ್ಟೇನು. ದಾಸಣ್ಣನೋರನ್ನ ಕಳಿಸ್ರಿ."

ದಾಸಣ್ಣ! ಪಕ್ಕದ ಶಾಲೆಗಳನ್ನು ನೋಡುವ ಸಿ.ಆರ್.ಪಿ. ಅವರು ನಕ್ಕಿದ್ದನ್ನು ಕಂಡವರಿಲ್ಲ. ಅವರು ಎ ಕೊಟ್ಟ ಶಾಲೆಯೇ ಇಲ್ಲ ಅಂತ ಮಾತು. ಹೊರಗೆ ಬಂದು ನಾನು ಮುರುಗೇಶಪ್ಪನವರಿಗೆ ಮಂಗಳಾರತಿ ಎತ್ತಿದೆ. "ನಿಮ್ಮ ಸತ್ಯಕ್ಕಿಷ್ಟು ಬೆಂಕಿ ಹಾಕ! ಹೋಗ್ಲಿ ಅಂತ ಬಿಟ್ಟಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಅಂದೆ. ಅವರು ಬೈಸಿಕೊಂಡು ನಿಂತರು.

ದಾಸಣ್ಣನವರು ಬಂದ ದಿನ ನಾನು, ಚಿತ್ತಮ್ಮ ಮತ್ತೆ ಅದೇ ಅಡುಗೆ ಕೋಣೆಯಲ್ಲಿ. ಚಿತ್ತಮ್ಮ ಸಾರಿಗೆ ಎರಡು ಸಲ ಉಪ್ಪು ಹಾಕಿದಳು, ನಾನು ನೋಡುತ್ತಾ ಕೂತಿದ್ದರೂ ಬೇಡ ಅನ್ನಲು ತೋಚಲಿಲ್ಲ. ಎತ್ತಪ್ಪ ಮಂದೆಯನ್ನು ಮಗನಿಗೆ ಒಪ್ಪಿಸಿ ಬಂದು ಬೇವಿನ ಮರದ ಕೆಳಗೆ ಕೋಲು ಊರಿಕೊಂಡು ಕೂತಿದ್ದ. ಆ ಮುದುಕ ಶಾಲೆಯ ಅಂಗಳಕ್ಕೆ ಕಾಲಿಟ್ಟಿದ್ದು ಅದೇ ಮೊದಲು. "ಕೂಸು ನನ್ನ ಮಾತಿಗೆ ಕಟ್ಟುಬಿದ್ದು ಸೋತಿತಂತೆ. ಸುಮ್ನೆ ಹೆಂಗಿರ್ಲಿ?" ಅಂದ. ಅದನ್ನು ಕೇಳಿ ಚಿತ್ತಮ್ಮ ಒಳಗೆ ಓಡಿಹೋಗಿ ಒಲೆಯ ಮುಂದೆ ಕೂತಳು.

ಇಲಾಖೆಯ ರೈಲಿನ ಚಿತ್ರ ಬಂದಿತ್ತು. ಒಳಗಿನಿಂದ ಏನು ಗದ್ದಲ ಅಂತೀರಿ! ರೈಲು ಕಾಣದ ಮಕ್ಕಳು ಡಬ್ಬಿ ಎಣಿಸಿದ್ದೇ ಎಣಿಸಿದ್ದು, ಕೂಡಿಸಿದ್ದೇ ಕೂಡಿಸಿದ್ದು. "ಡಬ್ಬಿ ಕಳಚಿದ್ರೆ ಒಳಗಿನ ಮಂದಿ ಏನಾಗ್ತಾರೆ ಸಾ?" ಅಂತ ರಂಜಿತಾ ದಾಸಣ್ಣನವರನ್ನೇ ಕೇಳಿದಳಂತೆ.

ದಾಸಣ್ಣನವರು ಹೊರಗೆ ಬಂದು, ಉಪ್ಪು ಹೆಚ್ಚಾದ ಸಾರನ್ನು ಸದ್ದಿಲ್ಲದೆ ಉಂಡು, "ಭಾಗಾಕಾರ ಇನ್ನೂ ಆಗ್ಬೇಕು. ಬಿ" ಅಂದರು. ನನ್ನ ಎ ಮಕ್ಕಳಿಗೆ ಬಿ! ಬೇರೆ ದಿನ ಆಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಆವತ್ತು ಚಿತ್ತಮ್ಮನನ್ನು ತಬ್ಬಿಕೊಂಡು ಅಂಗಳದಲ್ಲೇ ಕುಣಿದೆ. ಮುರುಗೇಶಪ್ಪನವರಿಗೆ ಫೋನ್ ಮಾಡಿ ವಿಷಯ ಹೇಳಿದೆ. ಆಮೇಲೆ ಮರುಳಸಿದ್ದಮ್ಮ ಫೋನ್ ತೆಗೆದುಕೊಂಡು, "ಮೇಡಂ, ನಮ್ಮನೆಯೋರು ಅಳ್ತಾ ಅವ್ರೆ, ಆಮೇಲೆ ಮಾತಾಡ್ತಾರಂತೆ" ಅಂದರು.

ಬೇಸಿಗೆ ರಜೆಯಲ್ಲಿ ಆದೇಶ ಬಂತು. ಪ್ರಶಸ್ತಿ ಬೇರೆ ತಾಲ್ಲೂಕಿನ ಯಾರಿಗೋ ಹೋಯಿತು. ಜೂನ್ ತಿಂಗಳಲ್ಲಿ ಶಾಲೆಯ ಜಗಲಿಗೆ ತಗಡು ಹೊದಿಸಿ, ಕರಿಹಲಗೆ ತೂಗುಹಾಕಿ, ಆರನೇ ತರಗತಿ ಶುರು ಮಾಡಿದೆವು. ಹಟ್ಟಿಯ ಹೆಣ್ಣುಮಕ್ಕಳೇ ಹೆಚ್ಚು. ಮುಂದಿನ ಸಾಲಿನಲ್ಲಿ ರಂಜಿತಾ.

ಹೊಸ ತರಗತಿ ಅಂದ ಮೇಲೆ ಮತ್ತೆ ಅಳತೆ, ಈಗ ಶಾಲೆಗಲ್ಲ, ಮಗುವಿಗೊಂದು ದರ್ಜೆ. ಮುರುಗೇಶಪ್ಪನವರು ಬಂದರು. ಈ ಸಲ ಪ್ರಶ್ನೆಗಳನ್ನು ಮೊದಲು ಎತ್ತಪ್ಪನಿಗೆ ಓದಿ ಹೇಳಿ, "ಇದರಾಗೆ ಕೇಳಬಾರದ್ದು ಏನಾದ್ರೂ ಐತಾ ಅಜ್ಜ?" ಅಂತ ವಿಚಾರಿಸಿಕೊಂಡೇ ಒಳಗೆ ಹೋದರು. ಅರ್ಧ ದಿನ ಕೂತು ನೋಡಿದರು. ಹೊರಗೆ ಬಂದು, ತಟ್ಟೆಯ ಮುಂದೆ ಕೂತು, ಯಾವ ದಾಕ್ಷಿಣ್ಯವೂ ಇಲ್ಲದೆ, "ರಂಜಿತಾಗೆ ಭಿನ್ನರಾಶಿ ಬರಲ್ಲ. ಸಿ" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಚಿತ್ತಮ್ಮ ಸೌಟು ಹಿಡಿದು ಬಂದಳು. "ಏನ್ಸಾ? ನಮ್ಮುಡುಗಿಗೆ ಮತ್ತೂ ಸಿ ಕೊಟ್ರಂತೆ? ನಿಮ್ಮ ಕೈಯಾಗೆ ಅದೊಂದೇ ಅಕ್ಷರ ಐತಾ?"

"ಬೈಬ್ಯಾಡ ಕಣಮ್ಮ, ಕೇಳಿಲ್ಲಿ" ಅಂದರು ಮುರುಗೇಶಪ್ಪನವರು. "ಎ ಕೊಟ್ಟು ಹೋದ್ರೆ ನಾನು ಇನ್ನು ಬರೋದು ವರ್ಷಕ್ಕೊಂದು ಸತಿ. ಸಿ ಕೊಟ್ಟ ಕಡೆ ಬಿಡಂಗಿಲ್ಲ. ತಿಂಗಳು ತಿಂಗಳು ಬರ್ಬೇಕು, ಕೂತು ಹೇಳ್ಕೊಡ್ಬೇಕು, ಬರೋವರೆಗೂ ಬರ್ಬೇಕು. ಭಿನ್ನರಾಶಿ ಬಾರದ ಹುಡುಗೀಗೆ ಎ ಕೊಟ್ಟು ಹೋಗ್ಲಾ, ಸಿ ಕೊಟ್ಟು ಬರ್ಲಾ? ನೀನೇ ಹೇಳು."

ಚಿತ್ತಮ್ಮ ಸೌಟು ಇಳಿಸಿದಳು. ಅವರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು.

"ಹಂಗಾದ್ರೆ ಏಳನೇ ಕ್ಲಾಸಿಗೂ ಈಗ್ಲೇ ಒಂದು ಸಿ ಬರ್ಕಳ್ರಿ" ಅಂದಳು.

ಮುರುಗೇಶಪ್ಪನವರು ನಕ್ಕರು. "ಇಲ್ಲಿ ಏಳನೇ ಕ್ಲಾಸೇ ಇಲ್ವಲ್ಲ ಚಿತ್ತಮ್ಮ!"

"ಆರನೇದೂ ಇರ್ಲಿಲ್ಲ" ಅಂದಳು ಚಿತ್ತಮ್ಮ. "ಉಣ್ರಿ ಸಾ, ಆರಿ ಹೋಗ್ತೈತೆ."